ಬಳ್ಳಾರಿಯಲ್ಲಿ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಕೂಟ: ನಡೆಸುವವರಿಗೂ ನೋಡಬರುವವರಿಗೂ ಸಮಗ್ರ ಮಾರ್ಗದರ್ಶಿ

ಕಬಡ್ಡಿಗೆ ಅಂಕಣ ಹಾಕಿದಷ್ಟೇ ಸಲೀಸಾಗಿ ಜಿಮ್ನಾಸ್ಟಿಕ್ಸ್ ಕೂಟವನ್ನೂ ನಡೆಸಬಹುದು ಎಂದು ಕೈಹಾಕಿದವರು ಮೊದಲು ಎಡವುವುದು ಸಭಾಂಗಣದ ಉದ್ದದಲ್ಲಿ. ಆಮೇಲೆ ಉಪಕರಣದ ಎತ್ತರದಲ್ಲಿ, ಕೊನೆಗೆ ಉದ್ಘಾಟನಾ ಭಾಷಣದ ಉದ್ದದಲ್ಲಿ. ಹಣ, ಪ್ರಾಯೋಜಕರು, ಫ್ಲೆಕ್ಸು ಎಲ್ಲ ಹೇಗೋ ಹೊಂದಿಕೊಳ್ಳುತ್ತವೆ. ಅಳತೆ ಮಾತ್ರ ಹೊಂದಿಕೊಳ್ಳುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಅಳತೆಯ ಮಾತೇ ಹೆಚ್ಚು.

ಹೆಜ್ಜೆ 1: ಎಂಥ ಕೂಟ, ಯಾರ ಅನುಮತಿ

ವಿಶ್ವ ಚಾಂಪಿಯನ್‌ಷಿಪ್, ಏಷ್ಯನ್ ಚಾಂಪಿಯನ್‌ಷಿಪ್, ವಿಶ್ವಕಪ್ ಸರಣಿ, ಆಹ್ವಾನಿತ ಅಂತರರಾಷ್ಟ್ರೀಯ ಕೂಟ, ಇವು ಬೇರೆ ಬೇರೆ ಮೆಟ್ಟಿಲುಗಳು. ಭಾರತದಲ್ಲಿ ದೊಡ್ಡ ಕೂಟಗಳು ನಡೆದಿಲ್ಲವೆಂದಲ್ಲ. 2006ರ ಏಷ್ಯನ್ ಚಾಂಪಿಯನ್‌ಷಿಪ್ ಸೂರತ್‌ನಲ್ಲಿ ಆಯಿತು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಜಿಮ್ನಾಸ್ಟಿಕ್ಸ್ ದೆಹಲಿಯಲ್ಲಿ ಆಯಿತು. ಆದರೂ ಬಳ್ಳಾರಿಯಂಥ ಊರು ಮೊದಲ ಸಲಕ್ಕೆ ಆರೆಂಟು ದೇಶಗಳ ಆಹ್ವಾನಿತ ಕೂಟಕ್ಕೆ ಕೈಹಾಕುವುದು ಜಾಣತನ. ಅದಕ್ಕೂ ಮೊದಲು ಅದೇ ಸಭಾಂಗಣದಲ್ಲಿ, ಅದೇ ಉಪಕರಣ ಬಳಸಿ ಒಂದು ರಾಜ್ಯಮಟ್ಟದ ಕೂಟ ನಡೆಸಿದರೆ ಅರ್ಧ ತಪ್ಪುಗಳು ಅಲ್ಲೇ ಬಯಲಾಗುತ್ತವೆ.

ಅರ್ಜಿ ನೇರವಾಗಿ ಸ್ವಿಟ್ಜರ್ಲೆಂಡ್‌ನ ಲೂಸಾನ್‌ನಲ್ಲಿರುವ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟಕ್ಕೆ, ಅಂದರೆ ಎಫ್‌ಐಜಿಗೆ, ಹೋಗುವುದಿಲ್ಲ. ರಾಜ್ಯ ಸಂಸ್ಥೆಯ ಮೂಲಕ ಭಾರತೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್‌ಗೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಇತ್ತ ಜಿಲ್ಲಾಧಿಕಾರಿ ಕಚೇರಿ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಮಹಾನಗರ ಪಾಲಿಕೆ, ಪೊಲೀಸ್, ಅಗ್ನಿಶಾಮಕ ದಳ ಮತ್ತು ಕರೆಂಟು ಕೊಡುವ ಜೆಸ್ಕಾಂಗೆ ಪ್ರತ್ಯೇಕ ಕಡತ ಬೇಕು. ವಿದೇಶಿ ತಂಡ ಬರುವುದರಿಂದ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಇಷ್ಟಕ್ಕೆಲ್ಲ 12 ತಿಂಗಳು ಕಡಿಮೆಯೇ. 18 ತಿಂಗಳು ಇಟ್ಟುಕೊಳ್ಳಿ.

ವೀಸಾ ವಿಷಯವನ್ನು ಹಗುರವಾಗಿ ಕಾಣಬೇಡಿ. 2025ರ ಅಕ್ಟೋಬರ್‌ನಲ್ಲಿ ಜಕಾರ್ತದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಇಸ್ರೇಲ್ ತಂಡಕ್ಕೆ ಇಂಡೊನೇಷ್ಯಾ ವೀಸಾ ಕೊಡಲಿಲ್ಲ. ಅದಾದ ಮೇಲೆ ಇಂಡೊನೇಷ್ಯಾದಲ್ಲಿ ಕೂಟ ನಡೆಸಬೇಡಿರೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾ ಒಕ್ಕೂಟಗಳಿಗೇ ಸಲಹೆ ಮಾಡಿತು. ಕರೆಯಬೇಕೆಂದಿರುವ ಎಲ್ಲ ದೇಶಗಳಿಗೂ ವೀಸಾ ಸಿಗುತ್ತದೆಂಬ ಲಿಖಿತ ಭರವಸೆ ಕೈಗೆ ಬರುವ ತನಕ ಆಹ್ವಾನ ಪತ್ರ ಕಳಿಸಬೇಡಿ. ಪತ್ರದಲ್ಲಿ ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ.

ತಿಂಗಳು ಆರಿಸುವಾಗ ಬಿಸಿಲನ್ನೂ ಹಬ್ಬವನ್ನೂ ನೋಡಿ. ಮಾರ್ಚ್‌ನಿಂದ ಮೇ ತನಕ ಬಳ್ಳಾರಿಯ ಸೆಕೆ 40 ಡಿಗ್ರಿ ದಾಟುವುದು ಸಾಮಾನ್ಯ, ತಗಡಿನ ಚಾವಣಿಯ ಕೆಳಗಂತೂ ಕೇಳುವುದೇ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು. ಹಂಪಿ ಉತ್ಸವದ ದಿನಾಂಕ ವರ್ಷದಿಂದ ವರ್ಷಕ್ಕೆ ಅತ್ತಿತ್ತ ಆಗುತ್ತದೆ. ಆ ವಾರ ಹೊಸಪೇಟೆಯಲ್ಲಿ ಕೋಣೆ ಸಿಗುವುದು ಕಷ್ಟ, ಹಾಗಾಗಿ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಹೆಜ್ಜೆ 2: ಸಭಾಂಗಣಕ್ಕೆ ಟೇಪು ಹಿಡಿಯಿರಿ

"ನಮ್ಮಲ್ಲಿ ಒಳಾಂಗಣ ಕ್ರೀಡಾಂಗಣ ಇದೆ" ಎಂಬ ಮಾತಿಗೆ ಈ ಆಟದಲ್ಲಿ ಬೆಲೆಯಿಲ್ಲ. ಬಹಳಷ್ಟು ಒಳಾಂಗಣಗಳನ್ನು ಒಂದು ಬಾಸ್ಕೆಟ್‌ಬಾಲ್ ಅಂಕಣ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಓಡಿಬಂದು ಟೇಬಲ್ ಮೇಲೆ ಕೈಯೂರಿ ಹಾರುವ ವಾಲ್ಟ್‌ನ ಓಟದ ಹಾದಿಯೊಂದೇ 25 ಮೀಟರ್. ಅದರಾಚೆ ಟೇಬಲ್ 1.2 ಮೀಟರ್, ಇಳಿಯುವ ಮ್ಯಾಟ್ 6 ಮೀಟರ್. ಅಲ್ಲಿಗೇ 32 ಮೀಟರ್ ದಾಟಿತು. ಹಿಂದೆ ಮುಂದೆ ನಿಲ್ಲಲು ಎರಡೆರಡು ಮೀಟರ್ ಬಿಟ್ಟರೆ 36. ಗೋಡೆಯಿಂದ ಗೋಡೆಗೆ ಅಷ್ಟು ಇಲ್ಲದ ಸಭಾಂಗಣವನ್ನು ಅಲ್ಲೇ ಕೈಬಿಡಿ. ಬಾಗಿಲು ತೆಗೆದು ಓಟವನ್ನು ವರಾಂಡದಿಂದ ಶುರು ಮಾಡಿಸುವ ಉಪಾಯ ಶಾಲಾ ಕೂಟಕ್ಕೂ ಸಲ್ಲದು.

ನೆಲದ ಮೇಲೇ ಪಲ್ಟಿ ಹೊಡೆಯುವ ಫ್ಲೋರ್ ಚೌಕದ ಆಟದ ಜಾಗ 12 ಮೀಟರ್‌ಗೆ 12 ಮೀಟರ್, ಅದರ ಸುತ್ತ ಅಂಚು ಸೇರಿ 14ಕ್ಕೆ 14. ಪುರುಷರ ಆರು ಉಪಕರಣ, ಮಹಿಳೆಯರ ನಾಲ್ಕು, ತೀರ್ಪುಗಾರರ ಮೇಜು, ತಂಡಗಳ ಕುರ್ಚಿ, ಸ್ಟ್ರೆಚರ್ ಹಾದಿ ಎಲ್ಲ ಕೂಡಿಸಿದರೆ ಸುಮಾರು 50ಕ್ಕೆ 30 ಮೀಟರ್ ಖಾಲಿ ನೆಲವಿದ್ದರೆ ನೆಮ್ಮದಿ. ಅಷ್ಟಿಲ್ಲದಿದ್ದರೆ ಪುರುಷರಿಗೂ ಮಹಿಳೆಯರಿಗೂ ಬೇರೆ ದಿನ ಇಟ್ಟು ರಾತ್ರಿ ಉಪಕರಣ ಬದಲಿಸಬಹುದು. ಆದರೆ ಅದು ಆಳುಗಳಿಗೂ ತಂತ್ರಜ್ಞರಿಗೂ ನಿದ್ದೆ ಕೊಡದ ದಾರಿ.

ಎತ್ತರದ ಲೆಕ್ಕ ಹೀಗೆ: ಎರಡು ಬಳೆಗಳನ್ನು ತೂಗುಬಿಡುವ ರಿಂಗ್ಸ್ ಚೌಕಟ್ಟು ಸುಮಾರು 5.8 ಮೀಟರ್. ಅದರ ಕೆಳಗೆ ಪೋಡಿಯಂ, ಅಂದರೆ ಉಪಕರಣ ನಿಲ್ಲಿಸುವ ವೇದಿಕೆ, ಹಾಕಿದರೆ ಇನ್ನೂ ಒಂದು ಮೀಟರ್ ಏರುತ್ತದೆ. ಎತ್ತರದ ಒಂಟಿ ಸರಳಾದ ಹೈ ಬಾರ್‌ನಲ್ಲಿ ಕೈಬಿಟ್ಟು ಹಾರುವವರು ಬಾರ್‌ಗಿಂತ ಎಷ್ಟೋ ಮೇಲೆ ಹೋಗುತ್ತಾರೆ. ಆದ್ದರಿಂದ ಚಾವಣಿಯ ಎತ್ತರ ಕೇಳಬೇಡಿ, ಚಾವಣಿಯಿಂದ ಕೆಳಗೆ ಇಳಿಬಿದ್ದ ದೀಪ, ಫ್ಯಾನು, ಎಸಿ ಕೊಳವೆಯ ಕೆಳ ಅಂಚು ಎಷ್ಟರಲ್ಲಿದೆ ಎಂದು ಅಳೆಯಿರಿ. ಅಲ್ಲಿಂದ ನೆಲಕ್ಕೆ 9–10 ಮೀಟರ್ ಇದ್ದರೆ ಧೈರ್ಯ.

ಇನ್ನು ನೆಲ. ರಿಂಗ್ಸ್, ಹೈ ಬಾರ್, ಎರಡು ಸರಳು ಏರುಪೇರಾಗಿರುವ ಮಹಿಳೆಯರ ಅನ್‌ಈವನ್ ಬಾರ್‌ಗಳು ತಮ್ಮ ತೂಕದಿಂದ ನಿಲ್ಲುವುದಿಲ್ಲ. ಉಕ್ಕಿನ ಕೇಬಲ್‌ಗಳು ನಾಲ್ಕೂ ಕಡೆ ಎಳೆದು ಹಿಡಿಯುತ್ತವೆ. ಆ ಕೇಬಲ್ ನೆಲವನ್ನು ಮೇಲಕ್ಕೆ ಕೀಳುವಂತೆ ಎಳೆಯುತ್ತದೆ. ಮರದ ಹಲಗೆಯ ಬ್ಯಾಡ್ಮಿಂಟನ್ ನೆಲಕ್ಕೆ ಬೋಲ್ಟ್ ಹೊಡೆದರೆ ಹಲಗೆಯೇ ಎದ್ದುಬರುತ್ತದೆ. ದಾರಿ ಎರಡೇ: ಕಾಂಕ್ರೀಟಿನಲ್ಲಿ ಹೂತ ಆಂಕರ್, ಇಲ್ಲವೇ ಆಂಕರ್ ತನ್ನೊಳಗೇ ಇರುವ ಉಕ್ಕಿನ ಪೋಡಿಯಂ. ಎರಡನೆಯದು ದುಬಾರಿ, ಆದರೆ ಸರ್ಕಾರಿ ಕಟ್ಟಡದ ನೆಲ ಕೊರೆಯಲು ಅನುಮತಿ ಕೇಳುತ್ತ ತಿಂಗಳು ಕಳೆಯುವುದು ತಪ್ಪುತ್ತದೆ.

ಸ್ಪರ್ಧೆಯ ಸಭಾಂಗಣದ ಪಕ್ಕದಲ್ಲೇ ಅಭ್ಯಾಸದ ಸಭಾಂಗಣವೂ ಬೇಕು, ಅದರಲ್ಲಿ ಅದೇ ಕಂಪನಿಯ ಉಪಕರಣ ಇರಬೇಕು. ಒಂದು ಕಂಪನಿಯ ಬಾರ್ ಬಾಗುವ ಹದ ಇನ್ನೊಂದರದ್ದಲ್ಲ. ಅಭ್ಯಾಸ ಒಂದರಲ್ಲಿ, ಸ್ಪರ್ಧೆ ಇನ್ನೊಂದರಲ್ಲಿ ಮಾಡಿಸಿದರೆ ಜಿಮ್ನಾಸ್ಟ್‌ನ ಲೆಕ್ಕ ತಪ್ಪುತ್ತದೆ. ಹತ್ತು ಕಿಲೋಮೀಟರ್ ದೂರದ ಅಭ್ಯಾಸ ಜಾಗವೂ ಬೇಡ. ಬಸ್ಸಿನಲ್ಲಿ ಕೂತು ಬರುವಷ್ಟರಲ್ಲಿ ಬಿಸಿಯಾದ ಮೈ ಮತ್ತೆ ತಣ್ಣಗಾಗಿರುತ್ತದೆ.

ಹೆಜ್ಜೆ 3: ಉಪಕರಣ ತರುವುದು, ನಿಲ್ಲಿಸುವುದು, ಅಳೆಯುವುದು

ಅಂತರರಾಷ್ಟ್ರೀಯ ಕೂಟಕ್ಕೆ ಎಫ್‌ಐಜಿ ಪ್ರಮಾಣೀಕರಿಸಿದ ಉಪಕರಣವೇ ಬೇಕು. ಸ್ಪೀತ್, ಜಿಮ್ನೋವಾ, ಯಾನ್ಸೆನ್-ಫ್ರಿಟ್ಸೆನ್, ಸೆನೋ, ತೈಶಾನ್ ಈ ಲೋಕದ ಪರಿಚಿತ ಹೆಸರುಗಳು. ಪ್ರಮಾಣಪತ್ರ ಕಂಪನಿಗಲ್ಲ, ಆಯಾ ಮಾದರಿಗೆ. ಆರ್ಡರ್‌ನಲ್ಲಿ ಮಾದರಿ ಸಂಖ್ಯೆ ಬರೆಸಿ, ಪ್ರಮಾಣಪತ್ರದ ಅವಧಿ ಕೂಟದ ದಿನಕ್ಕೂ ಇರುತ್ತದೆಯೇ ನೋಡಿ. ಬಾಡಿಗೆಗೆ ವಿದೇಶದಿಂದ ತರುವುದಾದರೆ ತಾತ್ಕಾಲಿಕ ಆಮದಿನ ಕಾಗದ ಬಲ್ಲ ಕಸ್ಟಮ್ಸ್ ಏಜೆಂಟ್ ಬೇಕು. ಕಂಟೇನರ್ ಬಂದರಿನಲ್ಲಿ ಸಿಕ್ಕಿಕೊಂಡರೆ ಬದಲಿ ಉಪಕರಣ ರಾತ್ರೋರಾತ್ರಿ ಎಲ್ಲೂ ಹುಟ್ಟುವುದಿಲ್ಲ. ಕೂಟಕ್ಕೆ ಕನಿಷ್ಠ ಮೂರು ವಾರ ಮೊದಲು ಸಾಮಾನು ಬಳ್ಳಾರಿಯಲ್ಲಿರಬೇಕು.

ಲಾರಿಗಳು ಬರುವ ಸರದಿಯನ್ನೂ ಮೊದಲೇ ಗೊತ್ತುಮಾಡಿ. ಮೊದಲು ಬೇಕಾಗುವುದು ಪೋಡಿಯಂ, ಆಮೇಲೆ ಚೌಕಟ್ಟುಗಳು ಮತ್ತು ಫ್ಲೋರ್‌ನ ಸ್ಪ್ರಿಂಗ್ ಹಲಗೆಗಳು, ಕೊನೆಗೆ ಮ್ಯಾಟ್. ಮ್ಯಾಟಿನ ಲಾರಿ ಮುಂದೆ ಬಂದು ನಿಂತರೆ ಅಂಗಳವೆಲ್ಲ ಮ್ಯಾಟೇ ಆಗಿ ಕೆಲಸಕ್ಕೆ ಜಾಗವಿರುವುದಿಲ್ಲ. ಇಳಿಸಲು ಎಪಿಎಂಸಿ ಹಮಾಲರಷ್ಟು ಪಳಗಿದ ಕೈ ಬೇರೆ ಇಲ್ಲ. ಆದರೆ ಅವರಿಗೆ ಒಂದು ಮಾತು ಮೊದಲೇ ತಿಳಿಸಿ: ಕೊಕ್ಕೆ ಹಾಕಬಾರದು, ಮ್ಯಾಟ್ ಎಳೆಯಬಾರದು, ಎತ್ತಿಯೇ ಒಯ್ಯಬೇಕು. ಎಳೆದ ಮ್ಯಾಟಿನ ರೆಕ್ಸಿನ್ ಅಂಚಿನಲ್ಲಿ ಹರಿಯುತ್ತದೆ, ಹರಿದ ಜಾಗಕ್ಕೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಜೋಡಿಸುವ ಕೆಲಸವನ್ನು ಮಾತ್ರ ಕಂಪನಿಯ ತಂತ್ರಜ್ಞರಿಗೇ ಬಿಡಿ.

ನಿಲ್ಲಿಸಿದ ಮೇಲೆ ಅಳತೆ. ಕೆಳಗಿನ ಎತ್ತರಗಳೆಲ್ಲ ನೆಲದಿಂದ ಲೆಕ್ಕ, ಪೋಡಿಯಂ ಇದ್ದರೆ ಪೋಡಿಯಂ ಮೇಲ್ಮೈಯಿಂದ:

- ವಾಲ್ಟ್ ಟೇಬಲ್: ಪುರುಷರಿಗೆ 135 ಸೆಂ.ಮೀ., ಮಹಿಳೆಯರಿಗೆ 125 ಸೆಂ.ಮೀ.
- ಬ್ಯಾಲೆನ್ಸ್ ಬೀಮ್ (ಮಹಿಳೆಯರು ಮೇಲೆ ನಿಂತು ಆಡುವ ಕಿರಿದಾದ ತೊಲೆ): ಎತ್ತರ 125, ಉದ್ದ 500, ಅಗಲ 10 ಸೆಂ.ಮೀ.
- ಅನ್‌ಈವನ್ ಬಾರ್: ಮೇಲಿನದು 250, ಕೆಳಗಿನದು 170 ಸೆಂ.ಮೀ.
- ಪಾಮೆಲ್ ಹಾರ್ಸ್ (ಹಿಡಿಕೆ ಹಿಡಿದು ಕಾಲು ಬೀಸುವ ‘ಕುದುರೆ’): ಎತ್ತರ 115, ಉದ್ದ 160 ಸೆಂ.ಮೀ.
- ಪ್ಯಾರಲಲ್ ಬಾರ್ (ಸಮಾನಾಂತರ ಜೋಡಿ ಸರಳು): ಎತ್ತರ 200, ಉದ್ದ 350 ಸೆಂ.ಮೀ.

ಹೊಸಬರು ಮಾಡುವ ದೊಡ್ಡ ತಪ್ಪು, ಟೇಪಿನ ತುದಿಯನ್ನು ಮ್ಯಾಟಿನ ಮೇಲೆ ಇಡುವುದು. ಇಳಿಯುವ ಮ್ಯಾಟ್ 20 ಸೆಂ.ಮೀ. ದಪ್ಪ. ಅಲ್ಲಿಂದ 200 ಅಳೆದರೆ ಪ್ಯಾರಲಲ್ ಬಾರ್ 220ಕ್ಕೆ ಹೋಗಿ ಕೂರುತ್ತದೆ. ಪಾಮೆಲ್ ಹಾರ್ಸ್‌ನ ಸುತ್ತಲಿನ ಮ್ಯಾಟ್ 10 ಸೆಂ.ಮೀ., ಅಲ್ಲಿ ತಪ್ಪಿನ ಅಳತೆಯೂ ಬೇರೆ. ಬಾರ್‌ಗಳನ್ನು ಎರಡೂ ತುದಿಯಲ್ಲಿ ಅಳೆಯಬೇಕು, ನಡುವೆ ಒಂದೇ ಕಡೆ ಅಳೆದರೆ ವಾಲಿಕೆ ಗೊತ್ತಾಗುವುದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ರಗಳೆ ಅನ್ನುವವರಿಗೆ ಸಿಡ್ನಿ ಒಲಿಂಪಿಕ್ಸ್ ನೆನಪಿಸಿ. 2000ದ ಸೆಪ್ಟೆಂಬರ್‌ನಲ್ಲಿ ಅಲ್ಲಿ ಎಲ್ಲ ಉಪಕರಣಗಳ ಅಂಕ ಕೂಡಿಸುವ ಮಹಿಳೆಯರ ಆಲ್‌ರೌಂಡ್ ಫೈನಲ್ ನಡೆಯುವಾಗ ವಾಲ್ಟ್ 125ರ ಬದಲು 120 ಸೆಂ.ಮೀ.ಗೆ ನಿಂತಿತ್ತು. ಒಬ್ಬರಾದ ಮೇಲೊಬ್ಬರು ಬಿದ್ದರು. ಗೆಲ್ಲುವ ಕುದುರೆಯೆಂದೇ ಎಲ್ಲರೂ ಎಣಿಸಿದ್ದ ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ ಕೂಡ ಬಿದ್ದರು. ಎತ್ತರ ಸರಿಯಿಲ್ಲವೆಂದು ಕೊನೆಗೆ ಹೇಳಿದ್ದು ಆಸ್ಟ್ರೇಲಿಯಾದ ಜಿಮ್ನಾಸ್ಟ್ ಅಲಾನಾ ಸ್ಲೇಟರ್. ಮತ್ತೆ ಹಾರಲು ಅವಕಾಶ ಕೊಟ್ಟರು ನಿಜ, ಆದರೆ ಅಷ್ಟರಲ್ಲಿ ಕೆಲವರ ಕೂಟವೇ ಮುಗಿದಿತ್ತು. ಒಲಿಂಪಿಕ್ಸ್‌ನಲ್ಲೇ 5 ಸೆಂಟಿಮೀಟರ್ ಕಣ್ತಪ್ಪಿದರೆ ನಮ್ಮಲ್ಲಿ ತಪ್ಪದೆಂದು ಹೇಳುವ ಧೈರ್ಯ ಯಾರಿಗಿದೆ?

ಆದ್ದರಿಂದ ಪ್ರತಿ ಉಪಕರಣಕ್ಕೂ ಒಂದು ಅಳತೆ ಚೀಟಿ ಮಾಡಿ. ಪ್ರತಿ ಸರದಿಗೆ ಮುಂಚೆ ಇಬ್ಬರು ಬೇರೆ ಬೇರೆಯಾಗಿ ಅಳೆದು, ಸಮಯ ಬರೆದು, ಸಹಿ ಹಾಕಬೇಕು. ಇಬ್ಬರೂ ಒಂದೇ ಟೇಪು ಬಳಸದಿರಲಿ. ಪುರುಷರ ವಾಲ್ಟ್ ಮುಗಿದು ಮಹಿಳೆಯರದ್ದು ಶುರುವಾಗುವ ಹೊತ್ತಿನಲ್ಲಿ ಇದು ಇನ್ನೂ ಮುಖ್ಯ. ಎತ್ತರದ ಆಟಗಾರನ ಕಾಲು ನೆಲಕ್ಕೆ ತಾಗುವಂತಿದ್ದರೆ ಬಾರ್ ಏರಿಸಿಕೊಡಲು ತಂಡ ಕೋರಬಹುದು. ಏರಿಸಿದ್ದನ್ನು ಮುಂದಿನವರಿಗೆ ಇಳಿಸಲು ಮರೆಯುವುದು ಇಲ್ಲಿ ಕಾದಿರುವ ಅಪಾಯ. ಕೇಬಲ್ ಬಿಗಿಯನ್ನೂ ಪ್ರತಿ ಸರದಿಗೆ ಮುಂಚೆ ನೋಡಿ, ಆಟ ನಡೆದಂತೆ ಅದು ಸಡಿಲುತ್ತದೆ.

ವಾಲ್ಟ್ ಹತ್ತಿರ ಚಿಮ್ಮುಹಲಗೆಯನ್ನು (ಸ್ಪ್ರಿಂಗ್‌ಬೋರ್ಡ್) ಸುತ್ತುವ ಯು ಆಕಾರದ ಮೆತ್ತೆ, ಅಂದರೆ ಸುರಕ್ಷತಾ ಕಾಲರ್, ಇರಲೇಬೇಕು. ರೌಂಡ್‌ಆಫ್ ಮಾಡಿ, ಅಂದರೆ ನೆಲಕ್ಕೆ ಕೈಯೂರಿ ಉರುಳಿ, ಟೇಬಲ್‌ಗೆ ಬೆನ್ನು ತಿರುಗಿಸಿ ಸ್ಪ್ರಿಂಗ್‌ಬೋರ್ಡ್ ಏರುವ ಯುರ್ಚೆಂಕೊ ಬಗೆಯ ವಾಲ್ಟ್‌ನಲ್ಲಿ ಕಾಲು ಬೋರ್ಡಿನ ಅಂಚಿಗೆ ಸಿಕ್ಕಿಕೊಳ್ಳಬಹುದು. ಅದಕ್ಕೇ ಈ ಕಾಲರ್. ಇದಿಲ್ಲದೆ ಅಂಥ ವಾಲ್ಟ್ ಹಾರಿದ ಮಹಿಳೆಗೆ ಸಿಗುವುದು ಸೊನ್ನೆ. ಮೆದು ಮತ್ತು ಗಟ್ಟಿ ಎರಡೂ ಬಗೆಯ ಬೋರ್ಡ್ ಇಡಿ. ಹಗುರ ಮೈಯ ಹುಡುಗಿಗೆ ಗಟ್ಟಿ ಬೋರ್ಡ್ ಚಿಮ್ಮುವುದೇ ಇಲ್ಲ.

ಕೈಗೆ ಹಚ್ಚುವ ಬಿಳಿ ಪುಡಿ ಮೆಗ್ನೀಷಿಯಂ ಕಾರ್ಬೊನೇಟ್. ಶಾಲೆಯ ಸೀಮೆಸುಣ್ಣ ಇದಕ್ಕೆ ಆಗಿಬರುವುದಿಲ್ಲ. ಒಂದು ಇಟ್ಟಿಗೆ ಸುಮಾರು 56 ಗ್ರಾಂ ಬರುತ್ತದೆ. ಲೆಕ್ಕ ಹಾಕಿದ್ದರ ಎರಡರಷ್ಟು ತರಿಸಿ. ಪ್ಯಾರಲಲ್ ಬಾರ್ ಬಳಿ ನೀರಿನ ಸ್ಪ್ರೇ ಬಾಟಲಿ ಮತ್ತು ಜೇನುತುಪ್ಪ ಕೇಳುತ್ತಾರೆ, ಗಾಬರಿಯಾಗಬೇಡಿ. ಹಿಡಿತ ಜಾರದಿರಲೆಂದು ಬಾರ್‌ಗೆ ಸವರುವುದು ವಾಡಿಕೆ. ಇರುವೆ ಬರದಂತೆ ಆ ಮೇಜನ್ನು ರಾತ್ರಿ ಒರೆಸಿಡಿ.

ಹೆಜ್ಜೆ 4: ಕೆಂದೂಳು, ಪಾರಿವಾಳ, ಕರೆಂಟು

ಅದಿರು ಲಾರಿ ಓಡಾಡುವ ನಾಡಿನಲ್ಲಿ ದೂಳು ಬಾಗಿಲು ಕೇಳಿ ಬರುವುದಿಲ್ಲ. ಕೆಂದೂಳು ಫ್ಲೋರ್ ಕಾರ್ಪೆಟ್‌ಗೆ ಇಳಿದರೆ ಜಾರಿಕೆ ಬರುತ್ತದೆ, ಬಾರ್ ಮೇಲೆ ಕೂತರೆ ಪುಡಿಯ ಜೊತೆ ಸೇರಿ ಅಂಗೈ ಸುಲಿಯುತ್ತದೆ. ಪ್ರತಿ ಬಾಗಿಲಿಗೂ ಎರಡು ಸಾಲು ಒದ್ದೆ ಗೋಣಿ, ಅದರಾಚೆ ಒಣ ಕಾಲೊರಸು. ಕಸಬರಿಗೆ ಒಳಗೆ ಬರಕೂಡದು, ಅದು ದೂಳನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸುತ್ತದೆ. ಕಾರ್ಪೆಟ್‌ಗೆ ವ್ಯಾಕ್ಯೂಮ್, ನೆಲಕ್ಕೆ ಒದ್ದೆ ಮಾಪ್. ಉಪಕರಣಕ್ಕೆ ರಾತ್ರಿ ಹೊದಿಸುವ ಗವಸುಗಳನ್ನು ಹೊರಗಿಂದ ತರಿಸಬೇಕಿಲ್ಲ. ಜೀನ್ಸ್ ಹೊಲಿಯುವ ಊರು ಇದು, ಅಳತೆ ಕೊಟ್ಟರೆ ಎರಡು ದಿನದಲ್ಲಿ ಗಟ್ಟಿ ಗವಸು ಹೊಲಿದುಕೊಡುವ ಕೈಗಳು ಇಲ್ಲೇ ಇವೆ. ಜಿಮ್ನಾಸ್ಟ್‌ಗಳ ಬೆನ್ನಿನ ಸಂಖ್ಯೆಯ ಬಟ್ಟೆಯೂ ಅಲ್ಲೇ ಆಗುತ್ತದೆ.

ಪಾರಿವಾಳದ ಸಮಸ್ಯೆ ಕೇಳಲು ತಮಾಷೆ. ಆದರೆ ಹಿಕ್ಕೆ ಬಿದ್ದ ಬೀಮ್ ಮೇಲೆ ಯಾರೂ ಹಿಂದಕ್ಕೆ ಪಲ್ಟಿ ಹೊಡೆಯಲಾರರು. ಗಾಳಿಕಿಂಡಿಗಳಿಗೆ ಬಲೆಯನ್ನು ಒಂದು ತಿಂಗಳು ಮೊದಲೇ ಹಾಕಿಸಿ. ಕೊನೆಯ ದಿನ ಹಾಕಿದರೆ ಒಳಗಿದ್ದವು ಒಳಗೇ ಉಳಿಯುತ್ತವೆ.

ಕರೆಂಟು ವಿಷಯದಲ್ಲಿ ಜನರೇಟರ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ನಡುವಿನ ಕೆಲವು ಸೆಕೆಂಡುಗಳಲ್ಲಿ ಹೈ ಬಾರ್‌ನಿಂದ ಕೈಬಿಟ್ಟವನು ಗಾಳಿಯಲ್ಲಿರುತ್ತಾನೆ. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳಂತೂ ಒಮ್ಮೆ ಆರಿದರೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ. ಎಲ್‌ಇಡಿಗೆ ಬದಲಿಸಿ. ಪ್ರತಿ ಉಪಕರಣದ ಮೇಲಿನ ದೀಪಗಳಲ್ಲಿ ಮೂರನೆಯ ಒಂದು ಪಾಲನ್ನಾದರೂ ಯುಪಿಎಸ್‌ಗೆ ಹಾಕಿ. ಇನ್ನೂ ಒಳ್ಳೆಯದೆಂದರೆ ಸ್ಪರ್ಧೆಯ ಹೊತ್ತಿನಲ್ಲಿ ಜನರೇಟರ್ ಮೇಲೇ ನಡೆಸಿ ಜೆಸ್ಕಾಂ ಲೈನನ್ನು ಬದಲಿಗೆ ಇಟ್ಟುಕೊಳ್ಳುವುದು. ಅಂಕದ ಕಂಪ್ಯೂಟರ್‌ಗಳಿಗೆ ಪ್ರತ್ಯೇಕ ಯುಪಿಎಸ್. ಒಂದು ದಿನ ಮುಂಚೆ ಬೇಕೆಂದೇ ಮೇನ್ ಸ್ವಿಚ್ ತೆಗೆದು ಏನೇನು ಆರುತ್ತದೆ ನೋಡಿ.

ಎಸಿ ಅಥವಾ ಕೂಲರ್ ಗಾಳಿ ಬೀಮ್ ಮೇಲೆ, ಪುಡಿಯ ತಟ್ಟೆಯ ಮೇಲೆ ನೇರ ಬೀಸಬಾರದು. ಪಶ್ಚಿಮದ ಕಿಟಕಿಗಳಿಗೆ ಕಪ್ಪು ಪರದೆ ಹಾಕಿ. ಸಂಜೆ ನಾಲ್ಕರ ಬಿಸಿಲು ವಾಲ್ಟ್ ಓಟಗಾರನ ಕಣ್ಣಿಗೆ ಬಿದ್ದರೆ ಅವನಿಗೆ ಟೇಬಲ್ ಕಾಣುವುದಿಲ್ಲ.

ಹೆಜ್ಜೆ 5: ತಂಡಗಳನ್ನು ಕರೆತರುವುದು, ಇರಿಸುವುದು, ಉಣಿಸುವುದು

ವಿದೇಶಿ ತಂಡಗಳು ಇಳಿಯುವುದು ಬೆಂಗಳೂರಿನಲ್ಲಿ ಅಥವಾ ಹೈದರಾಬಾದಿನಲ್ಲಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಬರುವುದು ಸಣ್ಣ ವಿಮಾನ. ಇಡೀ ತಂಡ, ಅದರ ಚೀಲಗಳು ಒಂದೇ ಸಲ ಹಿಡಿಸುತ್ತವೆಂದು ನಂಬಬೇಡಿ. ಬೆಂಗಳೂರಿನಿಂದ ಹಿರಿಯೂರು, ಚಳ್ಳಕೆರೆ ದಾರಿಯಲ್ಲಿ ಬಳ್ಳಾರಿಗೆ 300 ಕಿಲೋಮೀಟರಿಗೂ ಹೆಚ್ಚು, ಬಸ್ಸಿನಲ್ಲಿ ಆರು ತಾಸು ಹಿಡಿಯಿರಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿಗೆ ಹೊಂದುತ್ತದೆ, ಆದರೆ ದೂರದ ವಿಮಾನ ಪ್ರಯಾಣ ಮುಗಿಸಿದ ಮಕ್ಕಳನ್ನು ಅದೇ ರಾತ್ರಿ ರೈಲಿಗೆ ಹತ್ತಿಸುವುದಕ್ಕಿಂತ ಬೆಂಗಳೂರಿನಲ್ಲಿ ಒಂದು ರಾತ್ರಿ ಮಲಗಿಸುವುದು ಮೇಲು. ತಂಡಗಳು ಮೊದಲ ಸ್ಪರ್ಧೆಗೆ ಕನಿಷ್ಠ ನಾಲ್ಕು ದಿನ ಮೊದಲು ಊರಲ್ಲಿರಬೇಕು, ಪೋಡಿಯಂ ಮೇಲಿನ ಅಭ್ಯಾಸಕ್ಕೂ ಅದರಲ್ಲೇ ಸಮಯ ಸಿಗಬೇಕು.

ಬಳ್ಳಾರಿಯಲ್ಲಿ ಕೋಣೆ ಸಾಲದಿದ್ದರೆ ಸುಮಾರು 60 ಕಿಲೋಮೀಟರ್ ದೂರದ ಹೊಸಪೇಟೆಯ ಕಡೆ ಎಲ್ಲರೂ ಕೈ ತೋರಿಸುತ್ತಾರೆ. ಅತಿಥಿಗಳನ್ನೂ ಪತ್ರಕರ್ತರನ್ನೂ ಅಲ್ಲಿರಿಸಿ. ಜಿಮ್ನಾಸ್ಟ್‌ಗಳನ್ನೂ ತೀರ್ಪುಗಾರರನ್ನೂ ಮಾತ್ರ ಊರೊಳಗೇ ಇರಿಸಿ, ಅವರಿಬ್ಬರನ್ನೂ ಬೇರೆ ಬೇರೆ ಹೋಟೆಲಿನಲ್ಲಿ. ವಿದೇಶಿಯರು ತಂಗುವ ಹೋಟೆಲಿನವರು 24 ತಾಸಿನೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ವಿದೇಶಿ ಅತಿಥಿಗಳ ರೂಢಿಯಿಲ್ಲದ ಹೋಟೆಲಾದರೆ ಇದನ್ನು ಮಾಡಿಸಲು ಒಬ್ಬ ಸ್ವಯಂಸೇವಕನನ್ನು ಅಲ್ಲೇ ಕೂರಿಸಿ.

ಊಟದಲ್ಲಿ ಇಡ್ಲಿ, ಅನ್ನ, ಮೊಸರು, ಬೇಯಿಸಿದ ಮೊಟ್ಟೆ, ಕೋಳಿ, ಬಾಳೆಹಣ್ಣು ಇದ್ದರೆ ಯಾವ ದೇಶದವರೂ ಹಸಿದಿರುವುದಿಲ್ಲ. ಒಗ್ಗಣ್ಣಿ-ಮಿರ್ಚಿಯನ್ನು ಸ್ಪರ್ಧೆ ಮುಗಿದ ರಾತ್ರಿಗೆ ಇಟ್ಟುಕೊಳ್ಳಿ. ನೀರು ಸೀಲ್ ಮಾಡಿದ ಬಾಟಲಿಯಲ್ಲೇ ಇರಲಿ, ಹೊಟ್ಟೆಯ ಸಲುವಾಗಿ ಅಷ್ಟೇ ಅಲ್ಲ, ಡೋಪಿಂಗ್ ಪರೀಕ್ಷೆಯ ಸಲುವಾಗಿಯೂ.

ಹೆಜ್ಜೆ 6: ತೀರ್ಪು, ಅಂಕ, ಗಡಿಯಾರ

ಒಂದು ಅಂಕ ಹುಟ್ಟುವುದು ಹೀಗೆ: ಡಿ ಅಂದರೆ ಕಷ್ಟದ ಅಂಕ, ಅದಕ್ಕೆ ಮೇಲ್ಮಿತಿ ಇಲ್ಲ. ಇ ಅಂದರೆ ಮಾಡಿದ ರೀತಿಗೆ ಕೊಡುವ ಅಂಕ. ಅದು 10ರಿಂದ ಶುರುವಾಗಿ ತಪ್ಪಿಗೆ 0.1, 0.3, 0.5 ಎಂದು ಇಳಿಯುತ್ತದೆ, ಬಿದ್ದರೆ ಪೂರ್ತಿ 1 ಅಂಕ. ಇ ತೀರ್ಪುಗಾರರ ಅಂಕಗಳಲ್ಲಿ ಮೇಲಿನದ್ದನ್ನೂ ಕೆಳಗಿನದ್ದನ್ನೂ ಬಿಟ್ಟು ಉಳಿದದ್ದರ ಸರಾಸರಿ ತೆಗೆಯುತ್ತಾರೆ. ಡಿ, ಇ ಕೂಡಿಸಿ, ಗೆರೆ ದಾಟಿದ್ದು ಸಮಯ ಮೀರಿದ್ದು ಇದ್ದರೆ ಕಳೆಯುತ್ತಾರೆ. ನಿಯಮ ಪುಸ್ತಕ ಒಲಿಂಪಿಕ್ ಅವಧಿಗೊಮ್ಮೆ ಬದಲಾಗುತ್ತದೆ, ಈಗಿನದು 2025–2028ರದ್ದು. ಹಳೆಯ ಜೆರಾಕ್ಸ್ ಯಾರ ಮೇಜಿನ ಮೇಲೂ ಇರದಿರಲಿ. ತೀರ್ಪುಗಾರರಿಗೆ ಎಫ್‌ಐಜಿ ಬ್ರೆವೆ, ಅಂದರೆ ತೀರ್ಪು ಕೊಡುವ ಪರವಾನಗಿ, ಇರಬೇಕು. ಅದರ ಪಟ್ಟಿಯನ್ನು ಫೆಡರೇಷನ್ ಮೂಲಕವೇ ಪಡೆಯಿರಿ.

ಸಮಯದ ಅಂದಾಜಿಗೆ ಒಂದು ಲೆಕ್ಕ. ಒಂದು ಗುಂಪಿನಲ್ಲಿ 6 ಜನ. ಉಪಕರಣದ ಮೇಲೆ ಸ್ಪರ್ಧೆಗೆ ಮುಂಚಿನ ಅಭ್ಯಾಸ ತಲಾ 30 ಸೆಕೆಂಡ್, ಬಾರ್ ಸಜ್ಜುಗೊಳಿಸಬೇಕಾದ ಕಡೆ 50. ಆಟ ಮತ್ತು ಅಂಕ ಸೇರಿ ಒಬ್ಬರಿಗೆ ಎರಡೂವರೆ ನಿಮಿಷ. ಜಾಗ ಬದಲಿಸಲು ಎರಡು ಮೂರು ನಿಮಿಷ. ಅಲ್ಲಿಗೆ ಒಂದು ಸುತ್ತು 22 ನಿಮಿಷದ ಆಸುಪಾಸು. ಮಹಿಳೆಯರ ನಾಲ್ಕು ಸುತ್ತಿಗೆ ಒಂದೂವರೆ ತಾಸು, ಪುರುಷರ ಆರಕ್ಕೆ ಎರಡೂಕಾಲು ತಾಸು. ಈ ಸುತ್ತುಗಳೆಲ್ಲ ಸೇರಿ ಒಂದು ಸರದಿ. ದಿನಕ್ಕೆ ಎಷ್ಟು ಸರದಿ ಎಂಬುದನ್ನು ಇದರ ಮೇಲೆ ನಿರ್ಧರಿಸಿ, ಪ್ರತಿ ಸರದಿಯ ನಡುವೆ ಅರ್ಧ ತಾಸು ಅಳತೆಗೂ ಶುಚಿಗೂ ಬಿಡಿ.

ಅಂಕದ ಮೇಲಿನ ಆಕ್ಷೇಪಕ್ಕೆ ಒಬ್ಬ ಮನುಷ್ಯ, ಒಂದು ಗಡಿಯಾರ, ಒಂದು ಪುಸ್ತಕ ಮೀಸಲಿಡಿ. ಆಕ್ಷೇಪ ಡಿ ಅಂಕದ ಮೇಲೆ ಮಾತ್ರ, ಅದೂ ಮುಂದಿನವರ ಅಂಕ ಬರುವುದರೊಳಗೆ. ಸುತ್ತಿನ ಕೊನೆಯ ಜಿಮ್ನಾಸ್ಟ್ ಆದರೆ ಒಂದು ನಿಮಿಷದೊಳಗೆ. ಪ್ಯಾರಿಸ್ 2024ರ ಮಹಿಳೆಯರ ಫ್ಲೋರ್ ಫೈನಲ್‌ನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಪರವಾಗಿ ಬಂದ ಆಕ್ಷೇಪ 4 ಸೆಕೆಂಡ್ ತಡವಾಗಿತ್ತೆಂದು ಕ್ರೀಡಾ ನ್ಯಾಯಮಂಡಳಿ ಹೇಳಿ, ಕಂಚು ರೊಮೇನಿಯಾದ ಆನಾ ಬರ್ಬೋಸುಗೆ ಹೋಯಿತು. ವ್ಯಾಜ್ಯ ಆಮೇಲೂ ಸ್ವಿಟ್ಜರ್ಲೆಂಡ್ ಕೋರ್ಟಿಗೆ ನಡೆಯಿತು. ಸಮಯ ದಾಟಿದ್ದನ್ನು ಅಲ್ಲೇ, ಆಗಲೇ ಹೇಳುವ ವ್ಯವಸ್ಥೆ ಇರಲಿಲ್ಲ ಎಂಬುದೇ ಅಲ್ಲಿನ ಮೂಲ ದೋಷ. ನಿಮ್ಮ ಗಡಿಯಾರದ ವ್ಯಕ್ತಿಗೆ ಅಂಕಫಲಕ ಎದುರಿಗೇ ಕಾಣಬೇಕು, ತಡವಾಯಿತು ಎಂದು ಕೈಯೆತ್ತುವ ಅಧಿಕಾರವೂ ಇರಬೇಕು. ಆಕ್ಷೇಪದ ಮೇಜಿಗೆ ಒಂದು ವಿಡಿಯೊ ಕ್ಯಾಮೆರಾ ನೆಟ್ಟಿಡಿ.

ಸಂಗೀತ ಮಹಿಳೆಯರ ಫ್ಲೋರ್‌ಗೆ ಮಾತ್ರ, 90 ಸೆಕೆಂಡ್ ಮೀರದಂತೆ, ಸಾಹಿತ್ಯವಿಲ್ಲದ್ದು. ಪದ ಇರುವ ಹಾಡಾದರೆ 1 ಅಂಕ ಹೋಗುತ್ತದೆ. ಫೈಲುಗಳನ್ನು ವಾರ ಮುಂಚೆ ತರಿಸಿ, ದೇಶ-ಹೆಸರು-ಸಂಖ್ಯೆ ಎಂದು ಹೆಸರಿಟ್ಟು ಎರಡು ಲ್ಯಾಪ್‌ಟಾಪ್‌ನಲ್ಲಿ ಹಾಕಿ. ಪೋಡಿಯಂ ಅಭ್ಯಾಸದ ದಿನ ಪ್ರತಿಯೊಂದನ್ನೂ ಪೂರ್ತಿ ನುಡಿಸಿ. ಮದುವೆ ಮನೆಯ ಮೈಕ್‌ಸೆಟ್ಟು ಜೋರಾಗಿ ಕೂಗುತ್ತದೆ, ಸರಿ, ಆದರೆ ದೊಡ್ಡ ಸಭಾಂಗಣದಲ್ಲಿ ಮಾರ್ದನಿ ಬಂದು ಜಿಮ್ನಾಸ್ಟ್‌ಗೆ ತಾಳವೇ ಸಿಗದು. ಫ್ಲೋರ್ ಕಡೆಗೆ ಮುಖಮಾಡಿದ ಎರಡು ಸಣ್ಣ ಸ್ಪೀಕರ್ ಬೇರೆಯೇ ಇಡಿ.

ಹೆಜ್ಜೆ 7: ವೈದ್ಯರು, ಡೋಪಿಂಗ್, ಮಕ್ಕಳ ಸುರಕ್ಷತೆ

ಪೋಡಿಯಂನಿಂದ ಆಂಬ್ಯುಲೆನ್ಸ್ ತನಕ ಮೆಟ್ಟಿಲಿಲ್ಲದ ದಾರಿ ಇರಲಿ, ಅದರಲ್ಲಿ ಸ್ಪೈನ್ ಬೋರ್ಡ್ ಸಮೇತ ಒಬ್ಬರನ್ನು ಹೊತ್ತು ಒಮ್ಮೆ ನಡೆದು ನೋಡಿ. ಕುತ್ತಿಗೆ ಪಟ್ಟಿ ಹಾಕಬಲ್ಲ ವೈದ್ಯರು ಅಂಕಣದ ಅಂಚಿನಲ್ಲೇ ಇರಬೇಕು. ಆಂಬ್ಯುಲೆನ್ಸ್ ಎರಡಿರಲಿ. ಒಂದು ಆಸ್ಪತ್ರೆಗೆ ಹೋದಾಗ ಎರಡನೆಯದಿಲ್ಲದೆ ಆಟ ಮುಂದುವರಿಸಬಾರದು. ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕೂಟದ ವೇಳಾಪಟ್ಟಿ ಮೊದಲೇ ಕಳಿಸಿ. ಬಿದ್ದವರನ್ನು ಪ್ರೀತಿಯಿಂದ ಎತ್ತಿ ಕೂರಿಸಲು ಓಡಿಬರುವ ಸ್ವಯಂಸೇವಕರೇ ಇಲ್ಲಿ ದೊಡ್ಡ ಅಪಾಯ. ವೈದ್ಯರು ಹೇಳುವ ತನಕ ಮುಟ್ಟಬಾರದು ಎಂದು ಅವರಿಗೆ ಬಾಯಿಪಾಠ ಮಾಡಿಸಿ.

ಡೋಪಿಂಗ್ ಪರೀಕ್ಷೆಗೆ ಕಾಯುವ ಕೋಣೆ, ಪರೀಕ್ಷಾ ಕೋಣೆ, ಅದಕ್ಕೇ ಅಂಟಿದ ಶೌಚಾಲಯ, ಬೀಗ ಹಾಕುವ ಫ್ರಿಜ್ ಬೇಕು. ಜೊತೆಗಿರುವವರು ಜಿಮ್ನಾಸ್ಟ್‌ನ ಲಿಂಗದವರೇ ಆಗಿರಬೇಕು.

ಸ್ಪರ್ಧಿಗಳಲ್ಲಿ ಅನೇಕರು ಹದಿನೆಂಟು ದಾಟದವರು. ಮಹಿಳೆಯರ ಸೀನಿಯರ್ ವಿಭಾಗವೇ 16ಕ್ಕೆ ಶುರುವಾಗುತ್ತದೆ. ಡ್ರೆಸ್ಸಿಂಗ್ ಕೋಣೆಗೆ ಮೊಬೈಲ್ ಬೇಡ. ಕ್ಯಾಮೆರಾದವರಿಗೆ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ನಿಲ್ಲಲು ಅವಕಾಶ ಬೇಡ. ಮಸಾಜ್ ಇದ್ದರೆ ಬಾಗಿಲು ತೆರೆದೇ ಇರಲಿ, ಇನ್ನೊಬ್ಬ ಹಿರಿಯರು ಜೊತೆಗಿರಲಿ. ದೂರು ಕೇಳಲು ಒಬ್ಬ ಮಹಿಳಾ ಅಧಿಕಾರಿಯ ಹೆಸರು, ಫೋನ್ ಸಂಖ್ಯೆ ಎಲ್ಲ ಕೋಣೆಗಳಲ್ಲಿ ಅಂಟಿಸಿ.

ಹೆಜ್ಜೆ 8: ಉದ್ಘಾಟನೆಯನ್ನು ಅಂಕಣದಿಂದ ದೂರವಿಡಿ

ದೀಪ ಬೆಳಗುವುದು, ಶಾಲು, ಪೇಟ, ಹಾರ, ಸ್ವಾಗತದಿಂದ ವಂದನಾರ್ಪಣೆ ತನಕ, ಇದನ್ನೆಲ್ಲ ಹಿಂದಿನ ಸಂಜೆ, ಹೊರಗಿನ ವೇದಿಕೆಯಲ್ಲಿ ಮುಗಿಸಿ. ಮೈ ಬಿಸಿ ಮಾಡಿಕೊಂಡು ನಿಂತ ಜಿಮ್ನಾಸ್ಟ್‌ಗಳು ನಲವತ್ತು ನಿಮಿಷ ಭಾಷಣ ಕೇಳಿದ ಮೇಲೆ ವಾಲ್ಟ್ ಓಡಿದರೆ ಸ್ನಾಯು ಹರಿಯುತ್ತದೆ. ದೀಪದ ಎಣ್ಣೆ ಕಾರ್ಪೆಟ್ ಮೇಲೆ ಚೆಲ್ಲಿದರೆ ಆ ಮೂಲೆ ಕೂಟ ಮುಗಿಯುವ ತನಕ ಜಾರುತ್ತದೆ. ಫ್ಲೋರ್ ಮೇಲೆ ಚಪ್ಪಲಿ, ಬೂಟು ಯಾರದ್ದೂ ಬೇಡ, ಮಂತ್ರಿಗಳದ್ದೂ ಬೇಡ. ಇದನ್ನು ಅವರ ಕಚೇರಿಗೆ ಮೊದಲೇ ತಿಳಿಸಿದರೆ ಯಾರಿಗೂ ಮುಜುಗರವಿಲ್ಲ.

ನಮ್ಮ ಕಡೆಯ ಮಲ್ಲಕಂಬದ ಹುಡುಗರನ್ನು ಖಂಡಿತ ಕರೆಸಿ. ವಿದೇಶಿ ತಂಡಗಳು ಬಾಯಿಬಿಟ್ಟು ನೋಡುವುದು ಅದನ್ನೇ. ಕಂಬಕ್ಕೆ ಹರಳೆಣ್ಣೆ ಹಚ್ಚುತ್ತಾರಾದ್ದರಿಂದ ಅದರ ಜಾಗವೂ ಹೊರಗಿನ ವೇದಿಕೆಯೇ.

ನೋಡಬರುವವರಿಗೆ

ಚಾಂಪಿಯನ್‌ಷಿಪ್‌ನಲ್ಲಿ ಮೊದಲು ಅರ್ಹತಾ ಸುತ್ತು. ಅಲ್ಲಿಂದ ತಂಡ ಫೈನಲ್‌ಗೆ 8 ತಂಡ, ಆಲ್‌ರೌಂಡ್ ಫೈನಲ್‌ಗೆ 24 ಮಂದಿ, ಪ್ರತಿ ಉಪಕರಣದ ಫೈನಲ್‌ಗೆ 8 ಮಂದಿ. ವೈಯಕ್ತಿಕ ಫೈನಲ್‌ಗಳಿಗೆ ಒಂದು ದೇಶದಿಂದ ಇಬ್ಬರೇ. ಆದ್ದರಿಂದ ಅರ್ಹತೆಯಲ್ಲಿ ತನ್ನ ದೇಶದವರ ನಡುವೆ ಮೂರನೆಯವರಾದ ಒಳ್ಳೆಯ ಆಟಗಾರ್ತಿ ಫೈನಲ್‌ನಲ್ಲಿ ಕಾಣದಿದ್ದರೆ ಅದು ಮೋಸವಲ್ಲ. ಒಂದೇ ದಿನ ಬರುವುದಾದರೆ ಉಪಕರಣ ಫೈನಲ್ ದಿನ ಬನ್ನಿ, ಒಬ್ಬೊಬ್ಬರನ್ನೇ ನೋಡಬಹುದು. ಅರ್ಹತಾ ಸುತ್ತಿನಲ್ಲಿ ನಾಲ್ಕಾರು ಕಡೆ ಒಟ್ಟಿಗೆ ನಡೆದು ಹೊಸಬರಿಗೆ ಎಲ್ಲಿ ನೋಡಬೇಕೆಂದೇ ತಿಳಿಯದು. ಟಿಕೆಟ್ ಅಗ್ಗ, ಆಟ ಧಾರಾಳ ಅನ್ನುವುದೇನೋ ನಿಜ.

ಮುಂದಿನ ಸಾಲಿಗೆ ನುಗ್ಗಬೇಡಿ. ಪೋಡಿಯಂ ಎತ್ತರದಲ್ಲಿರುವುದರಿಂದ ಮುಂದಿನ ಸಾಲಿನವರಿಗೆ ಇಳಿಯುವ ಕಾಲು ಕಾಣುವುದಿಲ್ಲ. ನಡು ಎತ್ತರದ ಸಾಲು, ವಾಲ್ಟ್ ಓಟಕ್ಕೆ ಪಕ್ಕದ ಬದಿ ಒಳ್ಳೆಯದು. ಇಳಿದ ಮೇಲೆ ಪಾದ ಅಲುಗಿತೇ ಎಂದು ನೋಡಿ, ಅಂಕ ಸೋರುವುದು ಅಲ್ಲೇ. ಫ್ಲಾಶ್ ಹೊಡೆಯಬೇಡಿ. 10 ಸೆಂಟಿಮೀಟರ್ ಬೀಮ್ ಮೇಲೆ ತಲೆಕೆಳಗಾದವಳಿಗೆ ಅದು ಕಣ್ಣಿಗೆ ಹೊಡೆದಂತೆ. ಆಕೆ ಬಿದ್ದರೆ ಮತ್ತೆ ಏರಲು 10 ಸೆಕೆಂಡ್ ಇರುತ್ತದೆ, ಚಪ್ಪಾಳೆ ಆಗ ತಟ್ಟಿ.

ಅನಂತಪುರ, ಆದೋನಿ ಕಡೆಯಿಂದಲೂ ಜನ ಬರುತ್ತಾರೆ. ಮೈಕಿನಲ್ಲಿ ಕನ್ನಡ, ಇಂಗ್ಲಿಷಿನ ಜೊತೆ ಎರಡು ಮಾತು ತೆಲುಗೂ ಇರಲಿ. 2016ರ ರಿಯೊದಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ 15.066 ಅಂಕ ಪಡೆದು ವಾಲ್ಟ್‌ನಲ್ಲಿ ನಾಲ್ಕನೆಯವರಾದದ್ದನ್ನು ಬಲ್ಲ ಮಕ್ಕಳಿಗೆ ಆ ಅಂಕ ಹೇಗೆ ಬಂತೆಂದು ಘೋಷಕರು ಬಿಡಿಸಿ ಹೇಳಿದರೆ ಇಡೀ ಗ್ಯಾಲರಿ ಆಟ ಓದಲು ಕಲಿಯುತ್ತದೆ.

ಬಿಚ್ಚಿ ಕಟ್ಟುವುದು

ಪದಕ ಕೊಟ್ಟ ರಾತ್ರಿಯೇ ಬಿಚ್ಚಲು ಶುರುಮಾಡಬೇಡಿ, ದಣಿದ ಕೈ ಬೆರಳು ಜಜ್ಜಿಕೊಳ್ಳುತ್ತದೆ. ಬೆಳಿಗ್ಗೆ ಮೊದಲು ಕೇಬಲ್ ಬಿಗಿ ಸಡಿಲಿಸಿ, ಆಮೇಲೆ ಕಂಬ. ಬಿಗಿಯಿರುವಾಗ ಕೊಕ್ಕೆ ತೆಗೆದರೆ ಕೇಬಲ್ ಚಾಟಿಯಂತೆ ಬೀಸುತ್ತದೆ. ಬೋಲ್ಟುಗಳನ್ನು ಉಪಕರಣವಾರು ಚೀಲಕ್ಕೆ ಹಾಕಿ ಚೀಟಿ ಕಟ್ಟಿ. ಫ್ಲೋರ್ ಹಲಗೆಗಳ ಬೆನ್ನಿಗೆ ಸಂಖ್ಯೆ ಬರೆಯಿರಿ, ಮುಂದಿನ ಸಲ ಜೋಡಣೆ ಅರ್ಧ ಹೊತ್ತಿನಲ್ಲಿ ಆಗುತ್ತದೆ.

ಉಪಕರಣ ಖರೀದಿಸಿದ್ದಾದರೆ ಅದನ್ನು ಯಾರ ವಶಕ್ಕೆ ಕೊಡಬೇಕು, ಯಾವ ಕೋಚ್ ಕೆಳಗೆ ಯಾವ ಶಾಲೆಯ ಮಕ್ಕಳು ಬಳಸಬೇಕು ಎಂಬುದನ್ನು ಟೆಂಡರ್ ಕರೆಯುವ ಮುಂಚೆಯೇ ಬರೆದಿಡಿ. ಗೋದಾಮಿಗೆ ಹೋದ ಮ್ಯಾಟ್ ಇಲಿಯ ಪಾಲು. ಇಡಲೇಬೇಕಾಗಿ ಬಂದರೆ ನೆಲಕ್ಕೆ ತಾಗದಂತೆ ಮರದ ಪ್ಯಾಲೆಟ್ ಮೇಲೆ, ಮಡಿಸದೆ, ಗೋಡೆಯಿಂದ ಒಂದು ಅಡಿ ದೂರ ಇಟ್ಟು, ತಿಂಗಳಿಗೊಮ್ಮೆ ತಿರುವಿಹಾಕಿ.